ಬಾಯಿಕಟ್ಟು

ಮಣಿ ಬರುವುದಕ್ಕೆ ಮುಂಚೆ ಈ ದೇಶದಲ್ಲಿ ಒಪ್ಪಿಗೆ ಎಂಬುದು ಎಷ್ಟು ಅಗ್ಗವಾಗಿತ್ತು ಎಂದು ಈಗಿನವರಿಗೆ ಹೇಳಿದರೂ ತಿಳಿಯುವುದಿಲ್ಲ. ಒಂದು ಸೀರೆ ಕೊಟ್ಟರೆ ಮನೆಯ ಒಪ್ಪಿಗೆ, ಒಂದು ಹೊತ್ತಿನ ಬಾಡೂಟ ಹಾಕಿದರೆ ಇಡೀ ಓಣಿಯ ಒಪ್ಪಿಗೆ. ಹೆಬ್ಬೆಟ್ಟು ಒತ್ತಿದವರಿಗೆ ಯಾತಕ್ಕೆ ಒತ್ತಿದೆವೆಂದು ಗೊತ್ತಿರುತ್ತಿರಲಿಲ್ಲ, ಒತ್ತಿಸಿಕೊಂಡವರಿಗೆ ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಶತಮಾನದ ಕೊನೆಯ ಹೊತ್ತಿಗೆ ಸಂವಿಧಾನದಲ್ಲಿ ಹೊಸ ಕಲಮೊಂದು ಬಂತು. ಪಾರ್ಲಿಮೆಂಟು ಮಾಡಲೊಲ್ಲದ ತಿದ್ದುಪಡಿಯನ್ನು ರಾಜ್ಯಗಳೇ ಕೂಡಿ ಮಾಡಬಹುದು; ಮೂರರಲ್ಲಿ ಎರಡು ಪಾಲು ರಾಜ್ಯಗಳು ಕೇಳಿದರೆ ಸಂವಿಧಾನ ಸಮಾವೇಶ ಕರೆಯಲೇಬೇಕು; ರಾಜ್ಯ ಕೇಳಬೇಕಾದರೆ ಅದರ ತಾಲ್ಲೂಕುಗಳ ಜನ ಮೊದಲು ಒಪ್ಪಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಈ ಜನರ ಬಾಯಿಮಾತನ್ನು ನಂಬುವುದು ಹೇಗೆ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಬಂದದ್ದು ಈ ಮಣಿ.

ಹುಣಸೆಬೀಜದಷ್ಟು ದಪ್ಪದ ಒಂದು ಕರಿ ಬಿಲ್ಲೆ. ಮುಂಗೈಗೆ ಕಟ್ಟಿಕೊಂಡರೆ ನಾಡಿಯ ಬಡಿತ, ಬೆವರು, ದನಿಯೊಳಗಿನ ಸಣ್ಣ ನಡುಕ ಇವನ್ನೆಲ್ಲ ಕೇಳಿಸಿಕೊಳ್ಳುತ್ತ ಕೂರುತ್ತದೆ. ಮೊದಲ ಕೆಲವು ವಾರ ಅದಕ್ಕೆ ಕಲಿಕೆ. 'ಸಾರಿಗೆ ಉಪ್ಪು ಸಾಲದು' ಎಂದು ನೀವು ಮನಸಾರೆ ಹೇಳುವಾಗ ಮೈ ಹೇಗಿರುತ್ತದೆ, ಬೀಗರ ಮನೆಯಲ್ಲಿ 'ಊಟ ಭಾಳ ಚಲೋ ಆಗಿತ್ರಿ' ಎನ್ನುವಾಗ ಹೇಗಿರುತ್ತದೆ ಎಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಪ್ರತಿ ಹುಣ್ಣಿಮೆಗೆ ಒಂದು ಸಲ ತಿದ್ದುಪಡಿಯ ವಾಕ್ಯವನ್ನು ಹೇಳಬೇಕು. ಬಾಯಿ ಮತ್ತು ಮೈ ಜೊತೆಯಲ್ಲಿದ್ದರೆ ಹಸಿರು ಬೆಳಕು ಬರುತ್ತದೆ. ಇಲ್ಲದಿದ್ದರೆ ಮಣಿ ಕಪ್ಪಾಗಿಯೇ ಇರುತ್ತದೆ. ಮಾತು ಸರಿಯೋ ತಪ್ಪೋ ಅದಕ್ಕೆ ಗೊತ್ತಾಗುವುದಿಲ್ಲ, ಕಾನೂನಂತೂ ಮೊದಲೇ ಗೊತ್ತಿಲ್ಲ. ಒಂದು ವರ್ಷ ಒಂದು ಹುಣ್ಣಿಮೆಯೂ ತಪ್ಪದೆ ಹಸಿರು ಬಂದು, ಅದಾದ ಮೇಲೆ ಹದಿನೈದು ದಿನದೊಳಗೆ ಅಧಿಕಾರಿಗಳ ಎದುರು ಒಂದು ಸಲ ಮರುಮಾತು ಹೇಳಿದರೆ ನಿಮ್ಮ ಒಪ್ಪಿಗೆ ಗಟ್ಟಿಯಾಯಿತು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ. ಒಂದು ಗಳಿಗೆಯ ಆವೇಶಕ್ಕೆ ದೇಶದ ಬುನಾದಿ ಅಲುಗಬಾರದು ಎಂದರು ದಿಲ್ಲಿಯ ಪಂಡಿತರು. ಮಾತೇನೋ ಸರಿಯಾಗಿಯೇ ಇತ್ತು.

ಗೌರಗಡ ತಾಲ್ಲೂಕಿನ ಕಲ್ಲದಿನ್ನಿಯಲ್ಲಿ ಆವೇಶಪಡುವಷ್ಟು ಉಸಿರು ಯಾರಲ್ಲೂ ಉಳಿದಿರಲಿಲ್ಲ. ಆ ಊರಿನ ಬೆನ್ನಿಗೆ ಕರಿಕಲ್ಲಿನ ಗುಡ್ಡ. ಕರಿಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಹೊಲಗಳ ಮೇಲೆ ಹರಡಿದರೆ ಮಳೆಯ ನೀರಿನೊಂದಿಗೆ ಸೇರಿ ಅದು ಗಾಳಿಯಲ್ಲಿರುವ ಇಂಗಾಲವನ್ನು ಹೀರಿಕೊಳ್ಳುತ್ತದೆ, ಕಾದುಹೋದ ಭೂಮಿ ತಣ್ಣಗಾಗುತ್ತದೆ. ಅದು ಸುಳ್ಳಲ್ಲ. ನಾಕು ಖಂಡಗಳ ಹೊಲಗಳಿಗೆ ಇಲ್ಲಿಯ ಪುಡಿ ಹೋಗುತ್ತಿತ್ತು. ಜಗತ್ತಿನ ಗಾಳಿ ತೊಳೆಯುವ ಆ ಪುಡಿಯನ್ನು ಅರೆಯುವ ಯಂತ್ರಗಳು ಮಾತ್ರ ಕಲ್ಲದಿನ್ನಿಯ ಗಾಳಿಯಲ್ಲಿದ್ದವು. ತೊಳೆದಿಟ್ಟ ತಾಟಿನ ಮೇಲೆ ಊಟಕ್ಕೆ ಕೂರುವಷ್ಟರಲ್ಲಿ ಬೂದಿ ಬಣ್ಣ ಕೂತಿರುತ್ತಿತ್ತು. ಗಂಡಸರು ಮೂವತ್ತರ ಒಳಗೇ ಕೆಮ್ಮಲು ಶುರುಮಾಡಿ ನಲವತ್ತಕ್ಕೆ ಮುಗಿಸುತ್ತಿದ್ದರು. ದಿಲ್ಲಿಗೆ ಅರ್ಜಿ ಹೋದವು, ಬಂದವು. ಇದು ರಾಷ್ಟ್ರದ ಕೆಲಸ, ಜಗತ್ತಿಗೆ ಕೊಟ್ಟ ಮಾತು ಎಂದರು ಅಲ್ಲಿಯವರು. ಕಲ್ಲದಿನ್ನಿಯವರು ಯಾರಿಗೂ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಆ ಊರಿನ ಹೆಣ್ಣುಮಗಳು ತುಳಜವ್ವ. ಗಂಡನನ್ನು ಧೂಳಿಗೆ ಕೊಟ್ಟು ತವರಿಗೆ ಬಂದವಳು, ಅಲ್ಲಿ ತಮ್ಮ ಫಕೀರಪ್ಪ ಕೆಮ್ಮುವುದನ್ನು ಕೇಳುತ್ತ ಎರಡು ವರ್ಷ ಸುಮ್ಮನೆ ಕೂತಿದ್ದಳು. ಆಮೇಲೆ ಒಂದು ದಿನ ಸೆರಗು ಬಿಗಿದು ಎದ್ದಳು ನೋಡಿ, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಾಲ್ಲೂಕು ತಿರುಗಿದಳು. ರಾಜ್ಯ ರಾಜ್ಯಗಳಲ್ಲಿ ಇಂಥವೇ ಊರುಗಳ ಜನ ಸೇರಿ ಬರೆದಿಟ್ಟಿದ್ದ ತಿದ್ದುಪಡಿಯ ವಾಕ್ಯ ಚಿಕ್ಕದಿತ್ತು: 'ನಮ್ಮ ಉಸಿರು ಕೆಡಿಸುವ ಕೆಲಸ ನಮ್ಮನ್ನು ಕೇಳದೆ ಆಗಬಾರದು, ಇದನ್ನು ಸಂವಿಧಾನದಲ್ಲಿ ಬರೆಯಲಿ.' ಅದನ್ನು ಅವಳು ಕಳೆ ತೆಗೆಯುವವರ ಜೊತೆ ಕಳೆ ತೆಗೆಯುತ್ತ, ರೊಟ್ಟಿ ಬಡಿಯುವವರ ಪಕ್ಕದಲ್ಲಿ ಒಲೆಗೆ ಕಟ್ಟಿಗೆ ನೂಕುತ್ತ ಹೇಳಿದಳು. ಭಾಷಣ ಮಾಡಲಿಲ್ಲ.

"ಕೆಟ್ಟದ್ದು ಮಾಡೋರು ಕೇಳಂಗಿಲ್ಲ, ಅದು ಗೊತ್ತಿದ್ದದ್ದ. ಚಲೋದು ಮಾಡ್ತೀನಿ ಅಂತ ಬಂದೋರೂ ನಮ್ಮನ್ನ ಕೇಳಬೇಕವ್ವಾ. ಕೇಳದ ಮಾಡಿದ ಚಲೋದು ಎಂಥಾ ಚಲೋದು?" ಎನ್ನುತ್ತಿದ್ದಳು.

ಅವಳ ತಾಯಿ ಹುಲಿಗೆವ್ವನಿಗೆ ಈ ಮಾತು ಬಾಯಿಪಾಠವಾಗಿ ಹೋಗಿತ್ತು. "ಬದನಿಕಾಯಿ ಪಲ್ಯಾ ಮಾಡ್ಲೇನವ್ವಾ? ಮತ್ತ ಕೇಳದ ಮಾಡಿದಿ ಅಂತೀ" ಎಂದು ಒಲೆಯ ಮುಂದಿನಿಂದ ಕೂಗಿ ಕೇಳುವಳು. ಫಕೀರಪ್ಪ ನಗುವನು, ನಗು ಕೆಮ್ಮಾಗುವುದು, ಕೆಮ್ಮು ನಿಲ್ಲುವ ತನಕ ತಾಯಿ ಮಗಳು ಇಬ್ಬರೂ ಬೇರೆ ಎಲ್ಲಿಯೋ ನೋಡುತ್ತಿರುವರು. ಮೂವತ್ತೆರಡರ ಹುಡುಗ. ಕೆಮ್ಮು ಹತ್ತಿದವನಿಗೆ ಆ ಸೀಮೆಯಲ್ಲಿ ಹೆಣ್ಣು ಕೊಡುತ್ತಿರಲಿಲ್ಲ.

ಕಲ್ಲದಿನ್ನಿಯ ಎರಡು ಪ್ರಯತ್ನ ಆಗಲೇ ಕೆಟ್ಟಿದ್ದವು. ಜನ ಮನಸ್ಸು ಬದಲಿಸಿರಲಿಲ್ಲ. ಅಡ್ಡ ಬಂದದ್ದು ಬಾಯಿಕಟ್ಟು.

ಕಲ್ಲು ಒಡೆಯುವ ಆ ಮನೆತನಗಳಲ್ಲಿ ಹಿಂದಿನಿಂದ ಬಂದ ಕಟ್ಟಳೆ ಅದು. ಬೆಡಗಿನಲ್ಲಿ, ಅಂದರೆ ಒಂದೇ ಕುಲದ ಮನೆಗಳಲ್ಲಿ, ಒಂದು ಸಾವಾದರೆ ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ತನಕ ಆ ಬೆಡಗಿನ ಯಾರೂ ಯಾತಕ್ಕೂ ಮಾತು ಕೊಡುವ ಹಾಗಿಲ್ಲ. ಅಳಬಹುದು, ಜಗಳವಾಡಬಹುದು, ನೀರು ಕೇಳಬಹುದು. 'ಆಗಲಿ' ಎನ್ನಬಾರದು. ಮದುವೆಯ ಮಾತಿಲ್ಲ, ಕೂಲಿಯ ಮಾತಿಲ್ಲ, ದನ ಕೊಳ್ಳುವ ಮಾತಿಲ್ಲ. ಸಾವಿನ ಮನೆಯಲ್ಲಿ ಕೊಟ್ಟ ಮಾತು ಬದುಕಿದವರಿಗೆ ಉಳಿಯುವುದಿಲ್ಲ, ಸತ್ತವನು ದಾರಿಯ ಬುತ್ತಿಯೆಂದು ಅದನ್ನು ಕಟ್ಟಿಕೊಂಡು ಹೋಗುತ್ತಾನೆ ಎಂದು ಹಿರಿಯರು ಹೇಳುವರು. ಕಲ್ಲದಿನ್ನಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳೂ ಒಂದೇ ಬೆಡಗಿನವು. ಅಲ್ಲಿ ಸಾವಿಗೂ ಬರವಿರಲಿಲ್ಲ. ಸಾವು ಹುಣ್ಣಿಮೆಯ ಹತ್ತಿರ ಬಿತ್ತೆಂದರೆ ಇಡೀ ಊರಿನ ಮಣಿಗಳು ಆ ತಿಂಗಳು ಕಪ್ಪು. ಮೊದಲ ಸಲ ತುಳಜವ್ವನ ದೊಡ್ಡಪ್ಪ ತೀರಿಕೊಂಡು ಎಂಟು ತಿಂಗಳ ದುಡಿಮೆ ನೀರುಪಾಲಾಯಿತು. ಎರಡನೆಯ ಸಲ ಹೆರಿಗೆಯಲ್ಲಿ ಸೊಸೆಯೊಬ್ಬಳು ಹೋದಳು. ಉಸಿರಿಗಾಗಿ ಯಾರು ಹೋರಾಡಬೇಕಿತ್ತೋ ಅವರ ಸಾವೇ ಅವರ ಹೋರಾಟವನ್ನು ಕೆಡಿಸುತ್ತಿತ್ತು.

ತುಳಜವ್ವ ಗೌರಗಡದ ಮಾತಿನಮನೆಗೆ ಹೋಗಿ ಗೋಗರೆದಿದ್ದಳು. ಹಳೆಯ ಹತ್ತಿ ಗೋದಾಮೊಂದರಲ್ಲಿ ತಾಲ್ಲೂಕಿನ ಎಲ್ಲ ಮಣಿಗಳ ಸುದ್ದಿ ಬಂದು ಬೀಳುವ ಜಾಗಕ್ಕೆ ಜನ ಇಟ್ಟ ಹೆಸರು ಅದು. ಒಳಗೆ ತಣ್ಣಗಿನ ಗಾಳಿ, ಗೋಡೆ ತುಂಬ ಊರೂರಿನ ಒಂದೊಂದು ಮಣಿಗೂ ಒಂದೊಂದು ಬೆಳಕಿನ ಚುಕ್ಕಿ. ಅದನ್ನು ನೋಡಿಕೊಳ್ಳುವ ಎಂಜಿನಿಯರು ಮೆಹರುನ್ನೀಸಾ, ವಿಜಯಪುರದ ಕಡೆಯವರು, ಮಾತು ಕಡಿಮೆ.

"ಮ್ಯಾಲೆ ಬರದಿದ್ದೆ ತುಳಜವ್ವ," ಎಂದರು ಅವರು. "ಸಾವಿನ ಮನಿಯವರಿಗೆ ಒಂದ್ ತಿಂಗಳು ರಿಯಾಯ್ತಿ ಕೊಡ್ರಿ ಅಂತ. ದುಃಖದಾಗೂ ನಿಲ್ಲೋ ಮಾತಷ್ಟ ಖರೆ ಮಾತು, ರಿಯಾಯ್ತಿ ಇಲ್ಲ ಅಂತ ಉತ್ತರ ಬಂತು."

"ಅವ್ರ ಮನ್ಯಾಗ ಯಾರೂ ಸಾಯಂಗಿಲ್ಲೇನ್ರಿ ಮೇಡಮ್ಮಾರ?"

ಮೆಹರುನ್ನೀಸಾ ಚಹಾ ತರಿಸಿದರು.

ಮೂರನೆಯ ಪ್ರಯತ್ನ ಹನ್ನೊಂದು ಹುಣ್ಣಿಮೆ ದಾಟಿತು. ದೇವರು ಎಲ್ಲಿಯೋ ಕಣ್ಣುಬಿಟ್ಟನೆಂದು ಹೆಂಗಸರು ಮಾತಾಡಿಕೊಂಡರು. ಆ ವರ್ಷ ಸಾವುಗಳಾಗದೆ ಇರಲಿಲ್ಲ, ಆದರೆ ಎಲ್ಲವೂ ಅಮಾವಾಸ್ಯೆಯ ಬದಿಗೆ ಬಿದ್ದಿದ್ದವು. ಅಷ್ಟು ಹೊತ್ತಿಗೆ ಸಾಕಷ್ಟು ರಾಜ್ಯಗಳು ಸಮಾವೇಶ ಕೇಳಿಯಾಗಿತ್ತು. ಮೂರರಲ್ಲಿ ಎರಡು ಪಾಲಿಗೆ ಒಂದೇ ರಾಜ್ಯ ಕಡಿಮೆ, ಅದು ನಮ್ಮದು. ನಮ್ಮದರಲ್ಲಿ ಒಂದೇ ತಾಲ್ಲೂಕು ಕಡಿಮೆ, ಅದು ಗೌರಗಡ. ಗೌರಗಡ ಪೇಟೆಯವರು ಪುಡಿಯ ವ್ಯಾಪಾರದಲ್ಲಿದ್ದವರು, ಅವರು ಒಪ್ಪುವ ಪೈಕಿಯಲ್ಲ. ಕಲ್ಲದಿನ್ನಿಯ ಒಬ್ಬಿಬ್ಬರು ಬಿಟ್ಟು ಎಲ್ಲರೂ ನಿಂತರೆ ತಾಲ್ಲೂಕು ನಿಲ್ಲುತ್ತಿತ್ತು, ಇಲ್ಲದಿದ್ದರೆ ಇಲ್ಲ. ರಾಜ್ಯ ಒಮ್ಮೆ ಕೇಳಿದ್ದು ಏಳು ವರ್ಷ ಮಾತ್ರ ನಿಲ್ಲುತ್ತಿತ್ತು; ಮೊದಲು ಕೇಳಿದ ರಾಜ್ಯಗಳ ಆ ಗಡುವು ಆ ಬೇಸಿಗೆಗೆ ಮುಗಿಯುವುದಿತ್ತು. ಈ ಸಲ ತಪ್ಪಿದರೆ ಮತ್ತೆ ಇಡೀ ದೇಶ ಮೊದಲಿನಿಂದ ಶುರುಮಾಡಬೇಕು. ಅಷ್ಟು ತಾಳ್ಮೆ ಯಾರಿಗಿರುತ್ತದೆ?

ಹನ್ನೆರಡನೆಯ ಹುಣ್ಣಿಮೆಗೆ ಒಂದು ವಾರ ಇರುವಾಗ ಫಕೀರಪ್ಪನ ಉಸಿರು ಸೀಟಿ ಹೊಡೆಯತೊಡಗಿತು. ಅಂಗಳದ ಹಗ್ಗದ ಹೊರಸಿನ ಮೇಲೆ ಎರಡು ದಿಂಬಿಗೆ ಒರಗಿಕೊಂಡು ಕೂತವನು ಅಕ್ಕನನ್ನು ಹತ್ತಿರ ಕರೆದ.

"ಯಕ್ಕಾ, ಹೆದರಬ್ಯಾಡ. ಹುಣ್ಣಿವಿ ಮುಗಿಸಿಕೊಂಡ ಹೋಗ್ತೀನಿ."

"ಬಾಯ್ ಮುಚ್ಚು ಭಾಡ್ಯಾ."

"ಅಕಸ್ಮಾತ್ ತಡೀಲಿಲ್ಲಂದ್ರ ಯಾರಿಗೂ ಹೇಳಬ್ಯಾಡ. ಮಾತು ಮುಗೀತಂದ ಮ್ಯಾಲೆ ಹೇಳು. ನಾ ಏನ್ ಎದ್ದು ಓಡಿಹೋಗ್ತೀನೇನು?" ಎಂದು ಕಣ್ಣು ಮಿಟುಕಿಸಿದ.

ತುಳಜವ್ವ ಅವನ ತಲೆಗೆ ಮೆಲ್ಲಗೆ ಮೊಟಕಿದಳು. ಒಳಗೆ ರೊಟ್ಟಿ ಬಡಿಯುವ ಸದ್ದಿನಲ್ಲಿ ಹುಲಿಗೆವ್ವನಿಗೆ ಇದು ಕೇಳಿಸಿರಲಿಲ್ಲ.

ಹುಣ್ಣಿಮೆಗೆ ಎರಡು ದಿನ ಮೊದಲು ಅವನನ್ನು ಗೌರಗಡದ ಆಸ್ಪತ್ರೆಗೆ ಸೇರಿಸಿದರು. ಆಮ್ಲಜನಕದ ನಳಿಕೆ ಹಾಕಿದ ಮೇಲೆ ಮುಖಕ್ಕೆ ಸ್ವಲ್ಪ ಕಳೆ ಬಂತು. ಹುಲಿಗೆವ್ವ ಮಗನ ಹತ್ತಿರ ಕೂರುತ್ತೇನೆಂದು ಹಟ ಹಿಡಿದಳು. ಅವನೇ ಕಳಿಸಿದ: "ಊರಾಗ ಎಲ್ಲಾರೂ ನಿನ್ನ ಮಾರಿ ನೋಡಿ ಹೇಳ್ತಾರವ್ವಾ. ನೀ ಇಲ್ಲದಿದ್ರ ಹೆಂಗ? ಹೋಗು. ಹುಗ್ಗಿ ಮಾಡಿ ಕಳಿಸು." ಮುದುಕಿ ಹತ್ತು ಸಲ ಹಿಂದೆ ತಿರುಗಿ ನೋಡುತ್ತ ಹೋದಳು.

ಹುಣ್ಣಿಮೆಯ ಬೆಳಿಗ್ಗೆ, ಬಿಸಿಲು ವಾರ್ಡಿನ ಕಿಟಕಿಯಿಂದ ಮಂಚದ ಕಾಲಿಗೆ ಬಂದು ಮುಟ್ಟಿದಾಗ, ಫಕೀರಪ್ಪ ಅಕ್ಕನ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದ. ಆಮೇಲೆ ಆ ಹಿಡಿತ ಸಡಿಲವಾಯಿತು. ನರ್ಸು ಬಂದು ನಳಿಕೆ ತೆಗೆದಳು.

ತುಳಜವ್ವನಿಗೆ ಅಳು ಬರಲಿಲ್ಲ. ತಲೆ ಓಡತೊಡಗಿತು. ತನ್ನ ತಲೆ ಹಾಗೆ ಓಡಿದ್ದನ್ನು ಅವಳು ಆಮೇಲೆ ಎಂದೂ ಕ್ಷಮಿಸಿಕೊಳ್ಳಲಿಲ್ಲ. ಈಗ ಊರಿಗೆ ಸುದ್ದಿ ಹೋದರೆ ಬಾಯಿಕಟ್ಟು. ಸಂಜೆಗೆ ಹೋದರೆ ಮಾತು ಮುಗಿದಿರುತ್ತದೆ. ಅವನೇ ಹೇಳಿದ್ದನಲ್ಲ. ನಗಾಡುತ್ತ ಹೇಳಿದ್ದ, ಆದರೂ ಹೇಳಿದ್ದ.

"ಮನಿಯವರು ಸಂಜಿಗೆ ಬರ್ತಾರ್ರಿ ಅಕ್ಕಾರ, ಅಲ್ಲೀತನಾ ಇಲ್ಲೇ ಇರಲಿ," ಎಂದು ನರ್ಸಿಗೆ ಹೇಳಿ, ತಮ್ಮನ ಮುಖದ ಮೇಲೆ ಬಟ್ಟೆ ಎಳೆದು ಹೊರಗೆ ಬಂದಳು.

ಆಸ್ಪತ್ರೆಯ ಎದುರಿಗೇ ಮಾತಿನಮನೆ. ಮೆಹರುನ್ನೀಸಾ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೋಡೆಯ ಮೇಲೆ ಫಕೀರಪ್ಪನ ಚುಕ್ಕಿ ಆರಿತ್ತು.

"ನಾಡಿ ನಿಂತರ ಮಣಿ ತಾನ ಹೇಳ್ತದ," ಎಂದರು. "ಮನಿಗೆ ಹೇಳಿದ್ರೇನು?"

"ಸಂಜಿಗೆ ಹೇಳ್ತೀನ್ರಿ."

ಮೆಹರುನ್ನೀಸಾ ಅವಳನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ತುಳಜವ್ವ ಕೂರಲಿಲ್ಲ. "ನನಗ ನಿಮಗೆ ಬುದ್ಧಿ ಹೇಳೋ ಅಧಿಕಾರ ಇಲ್ಲ ತುಳಜವ್ವ. ಯಂತ್ರದ ಬಗ್ಗೆ ಒಂದು ಹೇಳ್ತೀನಿ. ಇವತ್ತು ಅವ್ರಿಗೆ ಗೊತ್ತಿಲ್ಲ, ಮನಸಾರೆ ಹೇಳ್ತಾರ, ಹಸಿರು ಬರ್ತದ. ಆದ್ರ ಮೈಗೆ ನೆನಪಿರ್ತದ. ಯಾವ ಮಾತು ಯಾವ ಹೊತ್ತಿನ್ಯಾಗ ಆಡಿದ್ವಿ ಅನ್ನೋದು ಮೈ ಮರಿಯೂದಿಲ್ಲ. ಮರುಮಾತು ಇನ್ನೂ ಉಳದದ."

"ಅದೇನು, ಒಂದ್ ಸಲ ಹೇಳೂದು. ವರ್ಷ ಪೂರ್ತಿ ಹೇಳಿದವರಿಗೆ ಅದೊಂದು ಭಾರಾನ್ರಿ?"

"ಅವ್ವನ್ನ ಒಂದ್ ಮಾತು ಕೇಳಿ ನೋಡ್ರಿ. ಹೇಳಿ, ಕೇಳಿ ನೋಡ್ರಿ."

"ಕೇಳಿದ್ರ ಏನಂತಾಳ್ರಿ ಆಕಿ? ಬಾಯಿಕಟ್ಟು ಅಂತಾಳ. ಎರಡ್ ಸಲ ನೋಡೀನಿ," ಎಂದು ತುಳಜವ್ವ ತಿರುಗಿದಳು. ಕಲ್ಲದಿನ್ನಿಯ ಬಸ್ಸು ಹೊರಡುವುದರಲ್ಲಿತ್ತು.

ಊರಲ್ಲಿ ಸಾಲೆಯ ಅಂಗಳ ಗುಡಿಸಿ ನೀರು ಹೊಡೆದು ಧೂಳು ಕೂರಿಸಿದ್ದರು. ಹೆಂಗಸರು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರು. ದೊಡ್ಡ ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಯಾರೋ ಬಾರಿಸಲೆಂದು ಹಲಗೆ ತಂದಿದ್ದರು. ಎಷ್ಟೋ ವರ್ಷಗಳ ಮೇಲೆ ಆ ಊರಿನಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದು. ತುಳಜವ್ವ ಬಸ್ಸಿಳಿಯುತ್ತಲೇ ಹುಲಿಗೆವ್ವ ಸೌಟು ಹಿಡಿದುಕೊಂಡೇ ಓಡಿಬಂದಳು.

"ಫಕೀರ ಹೆಂಗದಾನ?"

"ಮಲಗ್ಯಾನವ್ವ. ಆರಾಮ್ ಮಲಗ್ಯಾನ."

"ಕೆಮ್ಮು?"

"ಇಲ್ಲ. ಕೆಮ್ಮು ನಿಂತೈತಿ."

ಮುದುಕಿಯ ಮುಖ ಅರಳಿತು. "ಹುಲಿಗೆಮ್ಮನ ದಯಾ," ಎಂದು ಆಕಾಶಕ್ಕೆ ಕೈಮುಗಿದು, ಸುತ್ತಲಿನವರಿಗೆಲ್ಲ ಕೇಳಲೆಂದು ಕೂಗಿ ಹೇಳಿದಳು: "ನನ್ನ ಮಗನ ಕೆಮ್ಮು ನಿಂತೈತಂತ!" ಹಲಗೆಯವನು ಒಂದು ಏಟು ಹೊಡೆದ. ಹೆಂಗಸರು ನಕ್ಕರು. ತುಳಜವ್ವನೂ ನಗಬೇಕಾಯಿತು, ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಸಾಲಾಗಿ ಕೂತರು. ಎಲ್ಲರಿಗಿಂತ ಮುಂದೆ ಹುಲಿಗೆವ್ವ. ಬಳೆ ಹಿಂದೆ ಸರಿಸಿ ಮಣಿಯನ್ನು ಬಾಯ ಹತ್ತಿರ ತಂದು, ಮಗ ಮಲಗಿದ್ದಾನೆ ಎಂಬ ನೆಮ್ಮದಿಯಲ್ಲಿ, ಬಾಯಿತುಂಬ ಹೇಳಿದಳು: "ನಮ್ಮ ಉಸಿರು ಕೆಡಿಸುವ ಕೆಲಸ ನಮ್ಮನ್ನು ಕೇಳದೆ ಆಗಬಾರದು, ಇದನ್ನು ಸಂವಿಧಾನದಲ್ಲಿ ಬರೆಯಲಿ." ಮಣಿ ಹಸಿರಾಯಿತು. ಹಿಂದೆ ಕೂತ ಸಾಲಿನಲ್ಲಿ ಒಂದಾದ ಮೇಲೊಂದು ಹಸಿರು ಹತ್ತುತ್ತ ಹೋದವು. ಕೆಲವರು ಅತ್ತರು. ಕೊನೆಗೆ ತುಳಜವ್ವನ ಸರದಿ. ಅವಳೂ ಹೇಳಿದಳು. ಅವಳ ಮಣಿ ಕಪ್ಪಾಗಿಯೇ ಇತ್ತು. ಸೆರಗಿನೊಳಗೆ ಕೈ ಹುದುಗಿಸಿಕೊಂಡಳು. ಒಬ್ಬಳದು ಹೋದರೆ ಏನೂ ಕೆಡುವುದಿಲ್ಲ ಎಂದು ಅವಳು ಬಸ್ಸಿನಲ್ಲೇ ಯೋಚಿಸಿಟ್ಟಿದ್ದಳು.

ಊಟ ಆಗುವುದಕ್ಕೂ ಮೊದಲೇ ಹುಲಿಗೆವ್ವ ಒಂದು ಡಬ್ಬಿಗೆ ಹುಗ್ಗಿ ತುಂಬಿ, ಮೇಲೆ ತುಪ್ಪ ಸುರಿದು, ಅರಿವೆಯಲ್ಲಿ ಕಟ್ಟಿದಳು. "ಬುತ್ತಿ ಒಯ್ಯಿ ತಮ್ಮಗ. ಬಿಸಿ ಇದ್ದಾಗ ಉಣಸು. ಎದ್ದಿರಬೇಕು ಈಗ."

ಡಬ್ಬಿ ಬಿಸಿಯಿತ್ತು. ತುಳಜವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಸಂಜೆಯ ತನಕ ಕಾಯಬೇಕೆಂದಿದ್ದವಳಿಗೆ ಅಷ್ಟು ಹೊತ್ತೂ ನಿಲ್ಲಲಾಗಲಿಲ್ಲ. ಡಬ್ಬಿಯನ್ನು ತಾಯಿಯ ಕೈಗೇ ಮರಳಿಸಿ, "ಯವ್ವಾ, ಫಕೀರ ಹೋದ," ಎಂದಳು.

"ಎಲ್ಲಿಗೆ?" ಎಂದಳು ಹುಲಿಗೆವ್ವ.

ಆಮೇಲೆ ಅವಳಿಗೆ ಅರ್ಥವಾಯಿತು. "ಯಾವಾಗ?" ಎಂದು ಕೇಳಿದಳು. "ಮುಂಜಾನೆ," ಎಂದಳು ತುಳಜವ್ವ. ಮುದುಕಿ ತನ್ನ ಕೈಯ ಮಣಿಯನ್ನು ನೋಡಿಕೊಂಡಳು. ಅದರ ಹಸಿರು ಇನ್ನೂ ಆರಿರಲಿಲ್ಲ. ಹಲಗೆಯವನಿಗೆ ಸುದ್ದಿ ತಡವಾಗಿ ಮುಟ್ಟಿತು, ಅಲ್ಲಿಯ ತನಕ ಬಾರಿಸುತ್ತಲೇ ಇದ್ದ.

ಮಣ್ಣಾಯಿತು. ದಿನಗಳು ನಡೆದವು. ಹುಲಿಗೆವ್ವ ಮಗಳೊಂದಿಗೆ ಒಂದು ಮಾತೂ ಆಡಲಿಲ್ಲ. ರೊಟ್ಟಿ ಬಡಿದು ಎದುರಿಗಿಡುವಳು, ಏನು ಪಲ್ಯ ಎಂದು ಕೇಳುವುದಿಲ್ಲ. ಬಾಯಿಕಟ್ಟಿನ ದಿನಗಳಲ್ಲವೇ, ಕಾರ್ಯ ಮುಗಿದ ಮೇಲೆ ಸರಿಹೋದಾಳು ಎಂದು ತುಳಜವ್ವ ತನಗೆ ತಾನೇ ಹೇಳಿಕೊಂಡಳು. ಬಾಯಿಕಟ್ಟಿನಲ್ಲಿ ಮಾತಾಡಬಹುದು, ಮಾತು ಕೊಡಬಾರದಷ್ಟೇ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಊರ ಹೆಂಗಸರೂ ಅವಳನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹನ್ನೊಂದನೆಯ ದಿನದ ಎಡೆಗೆ ಎಲ್ಲವನ್ನೂ ಇಟ್ಟರು, ಬುತ್ತಿಯ ಗಂಟು ಮಾತ್ರ ಇಡಲಿಲ್ಲ. ದಾಯಾದಿ ಮುದುಕನೊಬ್ಬ ಕೇಳಿದ್ದಕ್ಕೆ ಹುಲಿಗೆವ್ವ, "ಅಂವ ಅವತ್ತ ಕಟಗೊಂಡು ಹೋಗ್ಯಾನ. ಊರಂದೆಲ್ಲಾ ಕಟಗೊಂಡು ಹೋಗ್ಯಾನ," ಎಂದಳು. 

ಮರುದಿನ ಮರುಮಾತು. ಸಾಲೆಯ ಅಂಗಳದಲ್ಲಿ ಮೇಜು ಹಾಕಿದರು. ರಾಜಧಾನಿಯಿಂದ ಇಬ್ಬರು ಅಧಿಕಾರಿಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದರು. ಮೆಹರುನ್ನೀಸಾ ಯಂತ್ರದ ಪೆಟ್ಟಿಗೆ ತೆರೆದು ಕೂತರು. ತುಳಜವ್ವ ಮೂಲೆಯ ಕಂಬ ಹಿಡಿದು ನಿಂತಳು. ಅವಳಿಗೆ ಭಯವಿದ್ದದ್ದು ಒಂದೇ: ಅವ್ವ ಬರುವುದಿಲ್ಲವೇನೋ ಎಂದು.

ಹುಲಿಗೆವ್ವ ಬಂದಳು. ಎಲ್ಲರಿಗಿಂತ ಮೊದಲು ಬಂದಳು. ಮೇಜಿನ ಮುಂದೆ ನೆಟ್ಟಗೆ ನಿಂತು ಹೇಳಿದಳು: "ನಮ್ಮ ಉಸಿರು ಕೆಡಿಸುವ ಕೆಲಸ ನಮ್ಮನ್ನು ಕೇಳದೆ ಆಗಬಾರದು, ಇದನ್ನು ಸಂವಿಧಾನದಲ್ಲಿ ಬರೆಯಲಿ."

ಮಣಿ ಕಪ್ಪಾಗಿಯೇ ಇತ್ತು.

"ಇನ್ನೊಮ್ಮೆ ಹೇಳಿ ತಾಯಿ," ಎಂದರು ಅಧಿಕಾರಿ. ಇನ್ನೊಮ್ಮೆ ಹೇಳಿದಳು. 'ಕೇಳದೆ' ಎಂಬಲ್ಲಿಗೆ ಬಂದಾಗ ಅವಳ ಕಣ್ಣು ತಾನಾಗಿ ಮೂಲೆಯ ಕಂಬದ ಕಡೆ ಹೋಯಿತು. ಮೂರನೆಯ ಸಲವೂ ಹೇಳಿದಳು, ಬೇಡಿಕೊಳ್ಳುವವಳ ಹಾಗೆ. ಮೆಹರುನ್ನೀಸಾ ಪೆಟ್ಟಿಗೆಯಿಂದ ಕಣ್ಣೆತ್ತದೆ ತಲೆಯಾಡಿಸಿದರು.

"ನಾ ಹೇಳಾಕತ್ತೀನ್ರಿ," ಎಂದಳು ಹುಲಿಗೆವ್ವ ಅಧಿಕಾರಿಗಳಿಗೆ. "ಖರೇನ ಹೇಳಾಕತ್ತೀನಿ. ನನ್ನ ಮಗ ಸತ್ತಾನ್ರಿ ಇದಕ್ಕ. ನಾನಲ್ಲದ ಮತ್ಯಾರು ಹೇಳಬೇಕು?"

"ಯಂತ್ರ ಒಪ್ಪುತ್ತಿಲ್ಲ ತಾಯಿ," ಎಂದರು ಅವರು. ಕೆಟ್ಟ ಮನುಷ್ಯರೇನಲ್ಲ. ಮುಂದಿನವರನ್ನು ಕರೆದರು.

ಮುಂದಿನವಳದೂ ಕಪ್ಪು, ಅದರ ಮುಂದಿನವಳದೂ ಕಪ್ಪು. ನಗುತ್ತ, ಹಲಗೆ ಕೇಳುತ್ತ, ಹುಗ್ಗಿಯ ವಾಸನೆಯಲ್ಲಿ, ಒಂದು ಹೆಣವನ್ನು ಆಸ್ಪತ್ರೆಯಲ್ಲಿ ಬಿಟ್ಟು ಆಡಿದ ಮಾತು ಅದು. ಈಗ ಆ ಮಾತನ್ನು ಎತ್ತಿಕೊಂಡ ಪ್ರತಿಯೊಬ್ಬರ ಮೈಯೂ ಒಳಗಿನಿಂದ ಹಿಂದೆ ಸರಿಯುತ್ತಿತ್ತು. ಬಾಯಿ ಮುಂದೆ ಹೋಗುವುದು, ಮೈ ಬರುವುದಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಸಂಜೆಗೆ ಮೇಜು ಮಡಿಸಿದರು, ಪೆಟ್ಟಿಗೆ ಮುಚ್ಚಿದರು. ಗೌರಗಡ ಬಿದ್ದುಹೋಯಿತು, ಅದರೊಂದಿಗೆ ರಾಜ್ಯವೂ ಸಮಾವೇಶವೂ. ಹೊರಡುವಾಗ ಮೆಹರುನ್ನೀಸಾ ತುಳಜವ್ವನ ಭುಜ ಮುಟ್ಟಿ ಜೀಪು ಹತ್ತಿದರು. ಗುಡ್ಡದ ಮೇಲೆ ಯಂತ್ರಗಳು ಅರೆಯುತ್ತಲೇ ಇದ್ದವು.

ಮನೆಗೆ ಬಂದರೆ ಹುಲಿಗೆವ್ವ ಮಗನ ಹೊರಸಿನ ಮೇಲೆ ಕೂತಿದ್ದಳು. ತುಳಜವ್ವ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ತಮ್ಮ ಹೀಗೆಂದಿದ್ದ ಎಂದು ಹೇಳಿದಳು, ಎರಡು ಸಲ ಕೆಟ್ಟಿತ್ತು, ಹೆದರಿದೆ ಎಂದಳು. ಮುದುಕಿ ಎಲ್ಲವನ್ನೂ ಕೇಳಿದಳು.

"ಅವ್ನ ಹೆಣದ ಮುಂದ ಕುಂದ್ರಿಸಿ ನನ್ನ ಒಂದ್ ಮಾತು ಕೇಳಿದ್ರ, ಬಾಯಿಕಟ್ಟು ಮುರದು ಹೇಳ್ತಿದ್ನೆವ್ವಾ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಊರ ಮುಂದ ನಿಂತು ಮುರೀತಿದ್ದೆ. ನನ್ನ ನೋಡಿ ಎಲ್ಲಾರೂ ಮುರೀತಿದ್ರು. ಮಗನಕಿಂತ ಹೆಚ್ಚಿಂದೇನು ಆ ಕಟ್ಟಳಿ? ನೀ 'ಕೇಳಬೇಕು, ಕೇಳಬೇಕು' ಅಂತ ಊರೂರು ಹೇಳಿಕೋತ ತಿರಗಿದಿ. ನನ್ನ ಕೇಳಲಿಲ್ಲ."

ತುಳಜವ್ವ ಆಗ ಅತ್ತಳು. ತಮ್ಮ ಸತ್ತ ದಿನ ಬಾರದ ಅಳು, ಮಣ್ಣು ಮಾಡುವಾಗಲೂ ಬಾರದ ಅಳು ಈಗ ಬಂತು. ಎಷ್ಟೋ ಹೊತ್ತಿನ ಮೇಲೆ, ಕೇಳಬೇಕಾಗಿದ್ದ ಮಾತನ್ನು ಕೇಳಿದಳು.

"ಯವ್ವಾ, ನಿನಗ ಒಪ್ಪಿಗಿ ಐತೇನು?"

"ಐತಿ," ಎಂದಳು ಹುಲಿಗೆವ್ವ ತಕ್ಷಣ. ಮುಂಗೈ ಎತ್ತಿ, ಇನ್ನು ಯಾರೂ ಕೇಳಿಸಿಕೊಳ್ಳದ ಆ ಮಣಿಗೆ ವಾಕ್ಯವನ್ನು ಪೂರ್ತಿ ಹೇಳಿದಳು. ಹೇಳಿ ಕಾದಳು. ಬೆಳಕು ಬರಲಿಲ್ಲ.

"ಧೂಳು ಕುಂತಿರಬೇಕು," ಎಂದು ಸೆರಗಿನ ತುದಿಯಿಂದ ಮಣಿಯನ್ನು ಒರೆಸಿ, ಇನ್ನೊಮ್ಮೆ ಹೇಳತೊಡಗಿದಳು.